ಸೊಕ್ಕಿಲ್ಲದ ಸೊಕ್

ಮೊದಲ ಸಲ ಆ ಹೆಸರು ಓದಿದಾಗ ನಕ್ಕುಬಿಟ್ಟಿದ್ದೆ. ಟೀಟ್ ಸೊಕ್. ನಮ್ಮ ಕಿವಿಗೆ ಅದು ‘ಸೊಕ್ಕು’ ಅಂತಲೇ ಕೇಳುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸೋವಿಯತ್ ತಂಡದ ಹನ್ನೆರಡು ಜನರ ಪಟ್ಟಿ ನೋಡುತ್ತಿದ್ದೆ. ಏಳು ಅಡಿ ಮೂರು ಇಂಚಿನ ಸಬೋನಿಸ್ ಹೆಸರು ಗೊತ್ತಿತ್ತು. ಮಾರ್ಚುಲಿಯೋನಿಸ್ ಹೆಸರೂ ಗೊತ್ತಿತ್ತು. ಈ ಸೊಕ್ ಯಾರು?

ಪಾಯಿಂಟ್ ಗಾರ್ಡ್ ಅಂತ ಬರೆದಿತ್ತು. ಕಾಲೇಜು ತಂಡದಲ್ಲಿ ನನ್ನದೂ ಅದೇ ಜಾಗ. ಹಾಗಾಗಿ ಬಿಡಲಿಲ್ಲ, ಹುಡುಕಿಕೊಂಡು ಓದಿದೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಪಾಯಿಂಟ್ ಗಾರ್ಡ್‌ನ ಕೆಲಸ ಪಂಕ್ತಿಯಲ್ಲಿ ಬಡಿಸುವವನ ಕೆಲಸದಂಥದ್ದು. ಯಾರ ಎಲೆಯಲ್ಲಿ ಏನಿಲ್ಲ ಎಂದು ನೋಡುತ್ತಿರಬೇಕು, ಸರಿಯಾದ ಹೊತ್ತಿಗೆ ಸರಿಯಾದವನ ಕೈಗೆ ಚೆಂಡು ಮುಟ್ಟಿಸಬೇಕು. ಚಪ್ಪಾಳೆ ಬೀಳುವುದು ಬುಟ್ಟಿಗೆ ಹಾಕಿದವನಿಗೆ. ಸೊಕ್ಕಿದ್ದವನಿಗೆ ಹೇಳಿಸಿದ ಜಾಗವಲ್ಲ ಅದು.

ಸೊಕ್ ಹುಟ್ಟಿದ್ದು 1964ರಲ್ಲಿ, ಎಸ್ಟೋನಿಯಾದ ತಾರ್ತು ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ದೇಶದ ಜನಸಂಖ್ಯೆ ಈಗಲೂ ಸುಮಾರು 13 ಲಕ್ಷ ಅಷ್ಟೆ. ಆಗ ಅದು ಸೋವಿಯತ್ ಒಕ್ಕೂಟದ ಒಂದು ಭಾಗ. ಎಸ್ಟೋನಿಯಾದ ಹುಡುಗ ಒಲಿಂಪಿಕ್ಸ್ ಆಡಬೇಕೆಂದರೆ ಸೋವಿಯತ್ ಅಂಗಿ ತೊಡಬೇಕಿತ್ತು, ಬೇರೆ ದಾರಿ ಇರಲಿಲ್ಲ.

ಆ ಸೆಪ್ಟೆಂಬರ್ ತಿಂಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. 1988ರ ಸೆಪ್ಟೆಂಬರ್ 11ರಂದು ಟಾಲಿನ್‌ನ ಹಾಡುಹಬ್ಬದ ಮೈದಾನದಲ್ಲಿ ಲಕ್ಷಾಂತರ ಜನ ಸೇರಿ ನಾಡಹಾಡುಗಳನ್ನು ಹಾಡುತ್ತಾರೆ, ಸ್ವಾತಂತ್ರ್ಯ ಬೇಕು ಎಂಬ ಮಾತು ಬಹಿರಂಗವಾಗಿಯೇ ಕೇಳಿಬರುತ್ತದೆ. ಆರು ದಿನ ಕಳೆದರೆ ಸೋಲ್‌ನಲ್ಲಿ ಒಲಿಂಪಿಕ್ಸ್ ಶುರು. ಅಲ್ಲಿ 23 ವರ್ಷದ ಸೊಕ್ ಸೋವಿಯತ್ ತಂಡಕ್ಕೆ ಆಡುತ್ತಿದ್ದಾರೆ.

ಮೊದಲ ಪಂದ್ಯದಲ್ಲೇ ಯುಗೊಸ್ಲಾವಿಯಾ ಎದುರು ಸೋಲು. ಆಮೇಲೆ ತಂಡ ಚೇತರಿಸಿಕೊಂಡು ಸೆಮಿಫೈನಲ್ ತಲುಪಿತು. ಅಲ್ಲಿ ಅಮೆರಿಕವನ್ನು 82–76ರಿಂದ ಸೋಲಿಸಿತು. ಒಲಿಂಪಿಕ್ಸ್ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದಕ್ಕೆ ಮುಂಚೆ ಅಮೆರಿಕ ಸೋತದ್ದು ಒಂದೇ ಸಲ, 1972ರ ಮ್ಯೂನಿಕ್ ಫೈನಲ್‌ನಲ್ಲಿ. ಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾವನ್ನು 76–63ರಿಂದ ಮಣಿಸಿದ್ದೂ ಆಯಿತು. ತಂಡದ ದೊಡ್ಡ ಹೆಸರುಗಳೆಲ್ಲ ಲಿಥುವೇನಿಯಾದವು. ಲಾಟ್ವಿಯಾದವರು ಒಬ್ಬರು, ಎಸ್ಟೋನಿಯಾದವರು ಒಬ್ಬರು, ಉಳಿದವರು ಉಕ್ರೇನ್, ರಷ್ಯಾ, ಕಜಕಸ್ತಾನದ ಕಡೆಯವರು. ಎಲ್ಲರ ಕೊರಳಿಗೂ ಒಂದೇ ದೇಶದ ಪದಕ. ಮೂರೇ ವರ್ಷದಲ್ಲಿ ಆ ದೇಶವೇ ಇರಲಿಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ನಡುವಿನ ಆ ಮೂರು ವರ್ಷ. 1990ರ ಮಾರ್ಚ್‌ನಲ್ಲಿ ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೆ ಲಿಥುವೇನಿಯಾದವರು ಬರಲಿಲ್ಲ. ಸೊಕ್ ಹೋದರು, ಅರ್ಜೆಂಟೀನಾದಿಂದ ಬೆಳ್ಳಿ ತಂದರು. ಹೋದದ್ದು ಸರಿಯೋ ತಪ್ಪೋ ಎಂದು ಇಲ್ಲಿ ಕೂತು ತೀರ್ಪು ಕೊಡುವುದು ಸುಲಭ. 25ರ ವಯಸ್ಸಿನಲ್ಲಿ, ಆಟವನ್ನೇ ಬದುಕು ಮಾಡಿಕೊಂಡವನಿಗೆ ಅದು ಅಷ್ಟು ಸುಲಭವಾಗಿರಲಿಕ್ಕಿಲ್ಲ.

ಮರುವರ್ಷದ ಜನವರಿಯಲ್ಲಿ ವಿಲ್ನಿಯಸ್ ನಗರದಲ್ಲಿ ಸೋವಿಯತ್ ಸೇನೆ ಜನರ ಮೇಲೆ ಗುಂಡು ಹಾರಿಸಿತು. ಟ್ಯಾಂಕ್‌ಗಳು ತಮ್ಮಲ್ಲಿಗೂ ಬಂದಾವು ಎಂದು ಟಾಲಿನ್‌ನ ಜನ ಸಂಸತ್ತಿರುವ ತೂಂಪಿಯಾ ಗುಡ್ಡದ ದಾರಿಗೆ ದೊಡ್ಡ ದೊಡ್ಡ ಬಂಡೆಗಳನ್ನು ಅಡ್ಡ ಇಟ್ಟರು. ಅದೇ ಋತುವಿನಲ್ಲಿ ಸೊಕ್ ಇದ್ದ ಟಾಲಿನ್‌ನ ಕಾಲೆವ್ ತಂಡ, ಯಾಕ್ ಸಲುಮೆಟ್ಸ್ ಎಂಬ ಕೋಚ್ ಕೈಕೆಳಗೆ, ಸೋವಿಯತ್ ಚಾಂಪಿಯನ್ ಆಯಿತು! ಎಸ್ಟೋನಿಯಾದ ತಂಡವೊಂದು ಹಿಂದೆ ಈ ಪಟ್ಟ ಗೆದ್ದದ್ದು 1949ರಲ್ಲಿ, ಅದು ತಾರ್ತುವಿನ ತಂಡ. ಆಗಸ್ಟ್ 20ಕ್ಕೆ ಎಸ್ಟೋನಿಯಾ ಸ್ವತಂತ್ರ. ಬಿಟ್ಟುಹೋಗುವ ಮನೆಯ ಕೊನೆಯ ಬಹುಮಾನವನ್ನೂ ಗೆದ್ದುಕೊಂಡೇ ಹೊರಬಂದ ಹಾಗಾಯಿತು.

ಮುಂದೆ ಸೊಕ್ ಗ್ರೀಸ್‌ಗೆ ಹೋದರು. ಅಥೆನ್ಸ್‌ನ ಪನಥಿನೈಕೋಸ್ ತಂಡದೊಂದಿಗೆ 1993ರ ಗ್ರೀಕ್ ಕಪ್ ಗೆದ್ದರು. ಅದೇ ವರ್ಷ ಎಸ್ಟೋನಿಯಾ ತನ್ನದೇ ಹೆಸರಿನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಆಡಿ ಆರನೇ ಸ್ಥಾನ ಪಡೆಯಿತು. 1939ರ ನಂತರ ಅದೇ ಮೊದಲು.

ಆಟಗಾರನಾಗಿ ಒಲಿಂಪಿಕ್ಸ್ ಚಿನ್ನ ಗೆದ್ದವರು ಕೋಚ್ ಆದರೆ ಚಿನ್ನದ ಕಥೆಯೇ ಮುಂದುವರಿಯಬೇಕು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. 2000ದ ದಶಕದಲ್ಲಿ ಟಾಲಿನ್‌ನ ಕ್ಲಬ್ ತಂಡಗಳಿಗೆ ತರಬೇತಿ ಕೊಟ್ಟರು, ಆಮೇಲೆ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದರು. ತಂಡ 2001ರ ಬಳಿಕ ಯುರೋಪಿಯನ್ ಚಾಂಪಿಯನ್‌ಷಿಪ್ ಮುಖವನ್ನೇ ನೋಡಿರಲಿಲ್ಲ. ಆಯ್ದುಕೊಳ್ಳಲು ಇರುವವರೇ ಕೆಲವರು. ಆ ಕೆಲವರಲ್ಲಿ ತಮ್ಮ ಮಕ್ಕಳಾದ ಟಾನೆಲ್, ಸ್ಟೆನ್ ಇಬ್ಬರೂ ಇದ್ದರು, ಅವರೂ ಗಾರ್ಡ್‌ಗಳೇ. ಅಪ್ಪ ಕೋಚ್, ಮಕ್ಕಳು ತಂಡದಲ್ಲಿ ಎಂದರೆ ನಮ್ಮ ಊರಿನಲ್ಲಾದರೆ ಜನ ಏನೆನ್ನುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಡಿಸಿದರೆ ಒಂದು ಮಾತು, ಬೆಂಚಿನ ಮೇಲೆ ಕೂರಿಸಿದರೆ ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಮಾತು.

ಕಡೆಗೂ 2015ರ ಚಾಂಪಿಯನ್‌ಷಿಪ್‌ಗೆ ತಂಡ ಅರ್ಹತೆ ಪಡೆಯಿತು. ಎಸ್ಟೋನಿಯಾದ ಗುಂಪಿನ ಪಂದ್ಯಗಳು ನಡೆದದ್ದು ಲಾಟ್ವಿಯಾದ ರೀಗಾದಲ್ಲಿ. ಗುಂಪಿನಲ್ಲಿ ಯಾರ‍್ಯಾರು? ಲಿಥುವೇನಿಯಾ, ಲಾಟ್ವಿಯಾ, ಉಕ್ರೇನ್, ಜೊತೆಗೆ ಜೆಕ್ ಮತ್ತು ಬೆಲ್ಜಿಯಂ. 27 ವರ್ಷಗಳ ಹಿಂದೆ ಸೋಲ್‌ನಲ್ಲಿ ಒಂದೇ ಅಂಗಿ ತೊಟ್ಟವರ ನಾಡುಗಳು ಈಗ ಎದುರಾಳಿಗಳು. ಲಿಥುವೇನಿಯಾ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಅದೇ ಸಬೋನಿಸ್. ಆ ತಂಡದಲ್ಲಿ ಅವರ ಮಗ ಡೊಮಾಂಟಸ್.

ಎಸ್ಟೋನಿಯಾ ಐದು ಪಂದ್ಯ ಆಡಿ ನಾಲ್ಕು ಸೋತಿತು. ಗೆದ್ದದ್ದು ಉಕ್ರೇನ್ ಎದುರು ಮಾತ್ರ. ಲಿಥುವೇನಿಯಾ ಬೆಳ್ಳಿ ಗೆದ್ದಿತು. ಸೊಕ್ ಮುಂದೆಯೂ ಕೆಲವು ವರ್ಷ ಅದೇ ತಂಡದ ಜೊತೆ ಉಳಿದರು. 2022ರ ಚಾಂಪಿಯನ್‌ಷಿಪ್‌ಗೆ ಮತ್ತೆ ಅರ್ಹತೆ ಸಿಗುವ ಹೊತ್ತಿಗೆ ಕೋಚ್ ಜಾಗದಲ್ಲಿ ಫಿನ್ಲೆಂಡ್‌ನವರೊಬ್ಬರಿದ್ದರು. ಬಡಿಸಿದವರು ಬೇರೆ, ಉಂಡವರು ಬೇರೆ. ಪಾಯಿಂಟ್ ಗಾರ್ಡ್‌ಗೆ ಇದು ಹೊಸದಲ್ಲ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಈ ಮೇ ತಿಂಗಳಿಗೆ ನನ್ನ ಡಿಗ್ರಿ ಮುಗಿಯುತ್ತದೆ. ಕ್ರೀಡಾ ಕೋಟಾಕ್ಕೆ ಆಗುವಂಥ ಸರ್ಟಿಫಿಕೇಟ್ ನನ್ನಲ್ಲಿಲ್ಲ. ‘ಇಷ್ಟು ವರ್ಷ ಬೆಂಚ್ ಕಾದದ್ದಕ್ಕೆ ಏನು ಸಿಕ್ತು?’ ಎಂದು ಅಪ್ಪ ಕೇಳಿದರೆ ಕೊಡಲು ಉತ್ತರವಿಲ್ಲ. ಹೋದ ತಿಂಗಳು ನಮ್ಮ ಬಡಾವಣೆಯ ಏಳೆಂಟು ಮಕ್ಕಳು ಬಂದು, ‘ಅಣ್ಣಾ, ನಮಗೂ ಆಟ ಹೇಳಿಕೊಡ್ತೀರಾ?’ ಅಂದಿದ್ದರು. ಪರೀಕ್ಷೆ ಮುಗೀಲಿ, ಕೆಲಸ ಸಿಗಲಿ, ಆಮೇಲೆ ನೋಡೋಣ ಎಂದು ಸಾಗಹಾಕಿದ್ದೆ.

ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಬರಲು ಹೇಳಿದ್ದೇನೆ. ಚೆಂಡು ಒಂದೇ ಇದೆ, ಅದಕ್ಕೂ ಗಾಳಿ ತುಂಬಿಸಬೇಕು.