ಶಾಲೆಯ ವಾರ್ಷಿಕ ಲೆಕ್ಕ: ಜಮೆ ಮತ್ತು ಬಾಕಿ

ಮಾರ್ಚ್ 31ಕ್ಕೆ ವರ್ತಕರ ಖಾತೆಗಳು ಮುಕ್ತಾಯಗೊಂಡ ಬೆನ್ನಿಗೇ ಸರ್ಕಾರಿ ಶಾಲೆಗಳ ವರ್ಷವೂ ಮುಗಿಯುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ, ಕೃಷ್ಣರಾಜನಗರದ ಭತ್ತದ ರೈತರ ಅನೇಕ ಮಕ್ಕಳಿಗೆ ಈ ಶಾಲೆಗಳೇ ಆಧಾರ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಹೆತ್ತವರು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ತೆರಳುವುದುಂಟು. ಅಂಥ ಮನೆಯ ಮಗು ನಡುವೆ ಶಾಲೆ ಬಿಡದೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತರೆ, ಅದು ಫಲಿತಾಂಶದ ಶೇಕಡಾವಾರು ಪಟ್ಟಿಯಲ್ಲಿ ಕಾಣದ ಸಾಧನೆ.

ಇನ್ನು ಖರ್ಚಿನ ಬಾಬತ್ತು. ಸಮಗ್ರ ಶಿಕ್ಷಣ ಯೋಜನೆಯ 2021–26ರ ಅವಧಿಯ ಮಾನದಂಡದಂತೆ, 30 ಮಕ್ಕಳವರೆಗಿನ ಶಾಲೆಗೆ ನಿಗದಿಯಾದ ವಾರ್ಷಿಕ ಸಂಯುಕ್ತ ಅನುದಾನ 10,000 ರೂ.; ಎಂದರೆ ತಿಂಗಳಿಗೆ ಸುಮಾರು 833 ರೂ. ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ, ಬೋಧನೋಪಕರಣಗಳೆಲ್ಲವೂ ಇದರಲ್ಲೇ ಸಾಗಬೇಕು.

2013ರ ಕಂಪನಿ ಕಾಯ್ದೆಯ ಶೇ. 2ರ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ ದೊಡ್ಡ ಕಂಪನಿಗಳಿಗೆ ಮಾತ್ರ ಕಡ್ಡಾಯ. ಕಿರಾಣಿ ಅಂಗಡಿ, ಅಕ್ಕಿ ಗಿರಣಿಗಳ ಕೊಡುಗೆ ಸ್ವಇಚ್ಛೆಯದು. ಆದರೆ ಒಬ್ಬ ವರ್ತಕ ತಿಂಗಳಿಗೆ 1,000 ರೂ. ತಪ್ಪದೆ ನೀಡಿದರೆ ವರ್ಷಕ್ಕೆ 12,000 ರೂ. ಆಗುತ್ತದೆ, ಆ ಅನುದಾನಕ್ಕಿಂತಲೂ ಅಧಿಕ.

ಕೊಡುವುದರಲ್ಲೂ ಕ್ರಮವಿರಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ ಅಗತ್ಯಗಳ ಪಟ್ಟಿ ಪಡೆದು, ಹಣವನ್ನು ಶಾಲೆಯ ಬ್ಯಾಂಕ್ ಖಾತೆಗೇ ಜಮಾ ಮಾಡಿ, ರಸೀದಿ ಪಡೆಯುವುದು ಉಚಿತ. ವರ್ಷಾಂತ್ಯಕ್ಕೆ ಸಮಿತಿಯಿಂದ ಖರ್ಚಿನ ವಿವರ ಕೇಳುವುದು ಅವಿಶ್ವಾಸವಲ್ಲ. ಅದು ಮುಂದಿನ ವರ್ಷದ ನೆರವಿಗೆ ಬುನಾದಿ.