ಚರ್ಮದ ಬಯಾಪ್ಸಿಯ ಅನಂತರ ಎಳೆಯ ಮಗುವಿನ ಆರೈಕೆ

ಗಾಯವು ಗುಣವಾಯಿತೆಂದು ಹೇಳಲು ಕನ್ನಡದಲ್ಲಿ ಎರಡು ಕ್ರಿಯಾಪದಗಳು ಬಳಕೆಯಲ್ಲಿವೆ. ಒಂದು ‘ಒಣಗು’, ಮತ್ತೊಂದು ‘ಮಾಯು’. ‘ಗಾಯ ಒಣಗಿತೆ?’ ಎಂದು ಕೆಲವರು ಕೇಳಿದರೆ, ‘ಗಾಯ ಮಾಯಿತೆ?’ ಎಂದು ಮತ್ತೆ ಕೆಲವರು ಕೇಳುತ್ತಾರೆ. ಮಾತಿನಲ್ಲಿ ಇವೆರಡಕ್ಕೂ ನಾವು ಒಂದೇ ಅರ್ಥವನ್ನು ಕೊಡುತ್ತೇವೆ. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಒಣಗುವುದು ಬೇರೆ, ಮಾಯುವುದು ಬೇರೆ. ಅಷ್ಟೇ ಅಲ್ಲ, ಅತಿಯಾಗಿ ಒಣಗಿದ ಗಾಯವು ಮಾಯುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಚರ್ಮದ ಬಯಾಪ್ಸಿಯಾದ ಎಳೆಯ ಮಗುವನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಒಂದರಿಂದ ಐದು ವರ್ಷದವರೆಗಿನ ಮಗು, ಕೈಯ ಮೇಲೋ ತೊಡೆಯ ಮೇಲೋ ಒಂದು ಚಿಕ್ಕ ಬಯಾಪ್ಸಿ, ಒಂದೆರಡು ಹೊಲಿಗೆ — ಇದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ.

ಬಯಾಪ್ಸಿ ಎಂದರೇನು?

ಜೀವವಿರುವ ದೇಹದಿಂದ ಒಂದು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವುದೇ ಬಯಾಪ್ಸಿ. ಜೀವ ಮತ್ತು ನೋಟ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಹೆಸರನ್ನು 1879ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಚರ್ಮವೈದ್ಯನಾದ ಅರ್ನೆಸ್ಟ್ ಬೆನ್ಯೆ. ಇದಕ್ಕೆ ಇಂದು ಹೆಚ್ಚಾಗಿ ಉಪಯೋಗಿಸುವ, ಕೊಳವೆಯಾಕಾರದ ದುಂಡು ಅಲಗಿನ ಉಪಕರಣವನ್ನು ಅಮೆರಿಕದ ಎಡ್ವರ್ಡ್ ಕೀಸ್ ಎಂಬ ವೈದ್ಯನು 1887ರಲ್ಲಿ ವರ್ಣಿಸಿದನು. ಇದರಿಂದ ತೆಗೆಯುವ ತುಣುಕಿನ ಅಡ್ಡಳತೆ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರು. ಎಂದರೆ ಒಂದು ಹೆಸರುಕಾಳಿನಷ್ಟು. ಲಿಗ್ನೊಕೇನ್ ಎಂಬ ಅರಿವಳಿಕೆಯನ್ನು ಆ ಜಾಗಕ್ಕೆ ಮಾತ್ರ ಚುಚ್ಚಿ ಕೆಲವೇ ನಿಮಿಷಗಳಲ್ಲಿ ಕೆಲಸವನ್ನು ಮುಗಿಸುತ್ತಾರೆ.

ಬಯಾಪ್ಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ಅನೇಕರು ಕ್ಯಾನ್ಸರನ್ನು ನೆನೆದು ಎದೆಗುಂದುತ್ತಾರೆ. ಎಳೆಯ ಮಕ್ಕಳಲ್ಲಿ ಚರ್ಮದ ಬಯಾಪ್ಸಿಗೆ ಕಾರಣಗಳು ಬಹುಮಟ್ಟಿಗೆ ಬೇರೆಯೇ ಆಗಿರುತ್ತವೆ. ಸ್ಪರ್ಶಜ್ಞಾನ ಕುಂದಿದ ಬಿಳಿಚು ಮಚ್ಚೆ ಕುಷ್ಠವೇ ಅಲ್ಲವೇ ಎಂದು ನಿರ್ಧರಿಸಬೇಕಾಗಬಹುದು. ಮತ್ತೆ ಮತ್ತೆ ಏಳುವ ನೀರುಗುಳ್ಳೆಗಳ ಮೂಲವನ್ನು ತಿಳಿಯಬೇಕಾಗಬಹುದು. ವಂಶವಾಹಿಯ ದೋಷದಿಂದ ಬರುವ ಕೆಲವು ರೋಗಗಳ ಪತ್ತೆಗಾಗಿ ಚರ್ಮದ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಬೇಕಾಗಬಹುದು. ಆದಕಾರಣ ಪರೀಕ್ಷೆಯ ಉದ್ದೇಶವನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದುಕೊಳ್ಳುವುದು ಉಚಿತ. ಕಾರಣ ತಿಳಿದ ತಾಯಿಯ ಕೈ ನಡುಗುವುದಿಲ್ಲ; ತಾಯಿಯ ಕೈ ನಡುಗದಿದ್ದರೆ ಮಗುವಿನ ಅರ್ಧ ಭಯ ಅಲ್ಲಿಗೇ ಕಳೆಯಿತು.

ಗಾಯ ಮಾಯುವ ಬಗೆ

ತುಣುಕನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ರಕ್ತವು ಹೆಪ್ಪುಗಟ್ಟಿ ಗುಳಿಯನ್ನು ತುಂಬುತ್ತದೆ. ಮುಂದಿನ ಎರಡು ಮೂರು ದಿನ ಬಿಳಿಯ ರಕ್ತಕಣಗಳು ಅಲ್ಲಿಗೆ ಬಂದು ಸೂಕ್ಷ್ಮಜೀವಿಗಳನ್ನೂ ಸತ್ತ ಜೀವಕೋಶಗಳನ್ನೂ ತೆಗೆದುಹಾಕುತ್ತವೆ. ಗಾಯದ ಸುತ್ತ ಕಾಣುವ ಸಣ್ಣ ಊತ ಈ ಕೆಲಸದ ಗುರುತೇ ಹೊರತು ಅಪಾಯದ ಚಿಹ್ನೆಯಲ್ಲ. ಇಷ್ಟರಲ್ಲಿ ಗಾಯದ ಅಂಚಿನಿಂದಲೂ ರೋಮಕೂಪಗಳಿಂದಲೂ ಹೊರಚರ್ಮದ ಜೀವಕೋಶಗಳು ಹೊರಟು ನಡುವಿನ ಕಡೆಗೆ ಸರಿಯತೊಡಗುತ್ತವೆ. ಕೆಳಗಡೆ ಕಾಲಜನ್ ಎಂಬ ನಾರುಗಳು ಹೆಣೆದುಕೊಳ್ಳುತ್ತವೆ.

ಜೀವಕೋಶಗಳ ಈ ಪ್ರಯಾಣಕ್ಕೆ ಪಸೆ ಬೇಕು. ಗಾಯದ ಮೇಲ್ಭಾಗ ಒಣಗಿ ಗಟ್ಟಿಯಾದ ಹಕ್ಕಳೆ ಕಟ್ಟಿದರೆ, ಹೊಸ ಜೀವಕೋಶಗಳು ಅದರ ಅಡಿಯಲ್ಲಿ ತೇವವಿರುವ ಪದರವನ್ನು ಹುಡುಕಿಕೊಂಡು ಕೆಳಕ್ಕೆ ಇಳಿದು ಸಾಗಬೇಕಾಗುತ್ತದೆ. ಇದನ್ನು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಜಾರ್ಜ್ ವಿಂಟರ್. ಅವನು ಎಳೆಯ ಹಂದಿಗಳ ಬೆನ್ನಿನ ಮೇಲೆ ಮೇಲುಮೇಲಿನ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವಕ್ಕೆ ತೆಳುವಾದ ಪಾಲಿಥೀನ್ ಹಾಳೆಯನ್ನು ಹೊದಿಸಿದನು. ಹೊದಿಕೆಯಡಿಯಲ್ಲಿ ಪಸೆಯಾಗಿ ಉಳಿದ ಗಾಯಗಳ ಮೇಲೆ ಹೊಸ ಚರ್ಮವು ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಈ ಪ್ರಯೋಗ 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಹಿನ್‌ಮನ್ ಮತ್ತು ಮೈಬಾಕ್ ಎಂಬವರು ಮನುಷ್ಯರ ಚರ್ಮದಲ್ಲಿಯೂ ಇದೇ ಬಗೆಯ ಫಲವನ್ನು ಕಂಡರು. ‘ಗಾಳಿಯಾಡಲಿ, ಬೇಗ ಒಣಗುತ್ತದೆ’ ಎಂಬ ನಮ್ಮ ಉಪದೇಶವು ಒಣಗುವ ಮಟ್ಟಿಗೆ ನಿಜ, ಮಾಯುವ ಮಟ್ಟಿಗೆ ನಿಜವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಸೆ ಬೇರೆ, ಒದ್ದೆ ಬೇರೆ. ನೀರಿನಲ್ಲಿ ನೆನೆದ ಪಟ್ಟಿಯು ಚರ್ಮವನ್ನು ಬಿಳಿಚಿ ಮೆತ್ತಗಾಗಿಸುತ್ತದೆ, ಸೂಕ್ಷ್ಮಜೀವಿಗಳಿಗೆ ದಾರಿ ಮಾಡಿಕೊಡುತ್ತದೆ. ಒಣಗಲೂಬಾರದು, ನೆನೆಯಲೂಬಾರದು; ನಡುವಣ ಸ್ಥಿತಿಯೇ ನಮಗೆ ಬೇಕಾದುದು.

ದಿನದಿನದ ಆರೈಕೆ

ಮೊದಲ ದಿನ ಆಸ್ಪತ್ರೆಯಲ್ಲಿ ಕಟ್ಟಿದ ಪಟ್ಟಿಯನ್ನು ಬಿಚ್ಚದೆ, ನೀರು ತಾಗಿಸದೆ ಹಾಗೆಯೇ ಬಿಡತಕ್ಕದ್ದು. ಹೆಪ್ಪು ಭದ್ರವಾಗಲು ಸುಮಾರು 24 ಗಂಟೆಗಳ ಅವಕಾಶ ಬೇಕು. ಅರಿವಳಿಕೆಯ ಪ್ರಭಾವ ಒಂದೆರಡು ಗಂಟೆಗಳಲ್ಲಿ ಇಳಿದು ನೋವು ತಿಳಿಯತೊಡಗುತ್ತದೆ. ಆಗ ವೈದ್ಯರು ಹೇಳಿದ್ದರೆ ಪ್ಯಾರಸಿಟಮಾಲ್ ಕೊಡಬಹುದು; ಅದರ ಪ್ರಮಾಣವನ್ನು ಮಗುವಿನ ತೂಕದ ಮೇಲೆ ಅವರೇ ನಿರ್ಧರಿಸಬೇಕು, ಔಷಧದ ಜೊತೆಗೆ ಬರುವ ಅಳತೆಯಿಂದಲೇ ಅಳೆದು ಕೊಡಬೇಕು. ಅಡಿಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಆಸ್ಪಿರಿನ್ ಮಾತ್ರ ಕೂಡದು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅಲ್ಲದೆ ಮಕ್ಕಳಲ್ಲಿ ಯಕೃತ್ತಿಗೂ ಮಿದುಳಿಗೂ ತಗಲುವ ರೈ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಘೋರವಾದ ವ್ಯಾಧಿಗೂ ಅದಕ್ಕೂ ಸಂಬಂಧವಿದೆ.

ಪಟ್ಟಿಯಲ್ಲಿ ರಕ್ತದ ಕಲೆ ಕಂಡರೆ ಗಾಬರಿಪಡಬೇಕಾದುದಿಲ್ಲ. ರಕ್ತವು ಜಿನುಗುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ‘ನಿಂತಿತೋ ಇಲ್ಲವೋ’ ಎಂದು ನಡುನಡುವೆ ಎತ್ತಿ ನೋಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಪ್ರತಿಸಲ ಎತ್ತಿದಾಗಲೂ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಹೀಗೆ ಒತ್ತಿದರೂ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು.

ಎರಡನೆಯ ದಿನದಿಂದ ದಿನಕ್ಕೊಮ್ಮೆ ಕೈಗಳನ್ನು ಸೋಪಿನಿಂದ ತೊಳೆದುಕೊಂಡು ಪಟ್ಟಿಯನ್ನು ಬಿಚ್ಚಬೇಕು. ಅದು ಅಂಟಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಿನಿಂದ ನೆನಸಿ ಬಿಡಿಸಬೇಕು, ಎಳೆಯಬಾರದು. ಮೃದುವಾದ ಸೋಪು ಮತ್ತು ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಜನರು ವ್ಯಾಸಲೀನ್ ಎಂದು ಕರೆಯುವ ಬಿಳಿಯ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ, ಹೊಸ ಪಟ್ಟಿಯನ್ನು ಹಾಕಬೇಕು. ಪಸೆಯನ್ನು ಕಾಯುವುದು ಈ ಜೆಲ್ಲಿಯೇ. ಸೂಕ್ಷ್ಮಜೀವಿನಾಶಕ ಮುಲಾಮು ಇದಕ್ಕಿಂತ ಮೇಲಲ್ಲವೇ ಎಂದು ಕೇಳಬಹುದು. ಚರ್ಮದ ಸಣ್ಣ ಶಸ್ತ್ರಕ್ರಿಯೆಯಾದ 900ಕ್ಕಿಂತ ಹೆಚ್ಚು ಜನರಲ್ಲಿ ಬರಿಯ ಜೆಲ್ಲಿಯನ್ನೂ ಬ್ಯಾಸಿಟ್ರಾಸಿನ್ ಮುಲಾಮನ್ನೂ ಹೋಲಿಸಿದ ಅಮೆರಿಕದ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸೋಂಕಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಲಾಮನ್ನು ಹಚ್ಚಿದವರಲ್ಲಿ ಕೆಲವರಿಗೆ ಅದರಿಂದಲೇ ಅಲರ್ಜಿಯಾಯಿತು. ವೈದ್ಯರು ಬರೆದುಕೊಟ್ಟ ಹೊರತು ಅಂಥ ಮುಲಾಮು ಅನಾವಶ್ಯಕ. ಗುಳ್ಳೆ ಏಳುವ ರೋಗವಿರುವ ಮಗುವಿಗೆ ಅಂಟುಪಟ್ಟಿಯನ್ನು ಚರ್ಮಕ್ಕೆ ನೇರವಾಗಿ ಹಚ್ಚಿದರೆ ಅದನ್ನು ಬಿಡಿಸುವಾಗ ಚರ್ಮವೇ ಸುಲಿದು ಬರಬಹುದು. ಅಲ್ಲಿ ಏನನ್ನು ಬಳಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು.

ಹೊಲಿಗೆಯಿದ್ದಷ್ಟು ದಿನ ತೊಟ್ಟಿಸ್ನಾನ, ಕೆರೆ ಹೊಳೆಗಳ ನೀರು, ಮರಳಾಟ ಬೇಡ. ಹೊಲಿಗೆಯನ್ನು ಮುಖದಲ್ಲಾದರೆ 5ರಿಂದ 7 ದಿನಗಳಲ್ಲಿ, ಕೈಕಾಲುಗಳಲ್ಲಾದರೆ ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ಹೊಲಿಗೆ ಬಿಚ್ಚಿದೊಡನೆ ಗಾಯವು ಗಟ್ಟಿಯಾಯಿತೆಂದು ತಿಳಿಯಬಾರದು. ಮೂರು ವಾರಗಳಾದಾಗ ಆ ಜಾಗದ ಬಲವು ಮೊದಲಿನ ಚರ್ಮದ ಐದನೆಯ ಒಂದು ಪಾಲಿನಷ್ಟಿರುತ್ತದೆ. ತಿಂಗಳುಗಳು ಕಳೆದ ಮೇಲೂ ನೂರಕ್ಕೆ ಎಂಬತ್ತನ್ನು ಮೀರುವುದಿಲ್ಲ. ಹೊಸ ಚರ್ಮಕ್ಕೆ ಬಿಸಿಲು ತಾಗಿದರೆ ಕಪ್ಪು ಕಲೆ ಉಳಿಯುವುದರಿಂದ ಕೆಲವು ತಿಂಗಳು ಅದನ್ನು ಬಟ್ಟೆಯಿಂದ ಮರೆಮಾಡುವುದು ಒಳ್ಳೆಯದು.

ನಂಜು ಮತ್ತು ಪಥ್ಯ

ನಮ್ಮ ಮನೆಗಳಲ್ಲಿ ಗಾಯವಾದೊಡನೆ ‘ನಂಜಾದೀತು’ ಎಂಬ ಮಾತು ಬರುತ್ತದೆ. ಈ ಭಯವು ನಿರಾಧಾರವಲ್ಲ. ಕೀವಾಗಿ ಜ್ವರ ಬರುವುದನ್ನು ಹಿರಿಯರು ಕಂಡೇ ಈ ಮಾತನ್ನು ಆಡಿದರು. ಆದರೆ ನಂಜಿಗೆ ಕಾರಣ ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳೇ ಹೊರತು ಬದನೆಕಾಯಿಯಲ್ಲ, ಕಡಲೆಕಾಯಿಯಲ್ಲ, ಸ್ನಾನದ ನೀರೂ ಅಲ್ಲ. ಹೊಸ ಚರ್ಮವನ್ನು ನೇಯಲು ಸಸಾರಜನಕವೇ ಮೂಲದ್ರವ್ಯ. ಬೇಳೆ, ಹಾಲು, ಮೊಟ್ಟೆಗಳನ್ನು ಪಥ್ಯದ ಹೆಸರಿನಲ್ಲಿ ಮಗುವಿಗೆ ತಪ್ಪಿಸಿದರೆ ಕಟ್ಟಡ ಕಟ್ಟುವವನಿಗೆ ಇಟ್ಟಿಗೆ ಕೊಡದಂತಾಗುತ್ತದೆ. ಅರಿಸಿನ, ಕಾಫಿಪುಡಿ, ಬೂದಿ ಇವನ್ನು ಗಾಯಕ್ಕೆ ತುಂಬುವ ರೂಢಿಯೂ ಉಂಟು. ಡಬ್ಬಿಯಲ್ಲಿರುವ ಪುಡಿ ಶುದ್ಧೀಕರಿಸಿದ ಪದಾರ್ಥವಲ್ಲ. ಅದು ಹೊಲಿಗೆಯ ನಡುವೆ ಸೇರಿ ಉಳಿಯುತ್ತದೆ, ಗಾಯದ ನಿಜವಾದ ಬಣ್ಣವನ್ನೂ ಮರೆಮಾಡುತ್ತದೆ. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯದಲ್ಲಿ, ರಾಷ್ಟ್ರೀಯ ಲಸಿಕಾ ಕ್ರಮದಂತೆ 6, 10, 14ನೆಯ ವಾರಗಳಲ್ಲಿಯೂ 16ರಿಂದ 24ನೆಯ ತಿಂಗಳೊಳಗೂ ಲಸಿಕೆಗಳನ್ನು ಪಡೆದ ಮಗುವಿಗೆ ಈ ಶುದ್ಧವಾದ ಚಿಕ್ಕ ಗಾಯಕ್ಕಾಗಿ ಬೇರೆ ಚುಚ್ಚುಮದ್ದು ಬೇಕಾಗುವುದಿಲ್ಲ.

ನಂಜಿನ ಲಕ್ಷಣಗಳನ್ನು ಅರಿತಿರಬೇಕಾದುದು ಮುಖ್ಯ. ‘ಗಾಯದ ಸುತ್ತ ಕೆಂಪಾದರೆ ಬನ್ನಿ’ ಎಂದು ಪುಸ್ತಕಗಳು ಹೇಳುತ್ತವೆ. ಆ ಮಾತು ಬಿಳಿಯ ಚರ್ಮವನ್ನು ನೋಡಿ ಬರೆದದ್ದು. ನಮ್ಮ ಮಕ್ಕಳ ಕಂದು ಮತ್ತು ಕಪ್ಪು ಚರ್ಮದಲ್ಲಿ ಕೆಂಪು ಎದ್ದುಕಾಣದೆ ಹೋಗಬಹುದು. ಸುತ್ತಲಿನ ಚರ್ಮ ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ತೋರಬಹುದು. ಆದುದರಿಂದ ಕಣ್ಣೊಂದನ್ನೇ ನಂಬದೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿ ಹೆಚ್ಚುತ್ತಿದ್ದರೆ, ಊತವು ದಿನದಿನಕ್ಕೆ ಹರಡುತ್ತಿದ್ದರೆ, ಮೂರನೆಯ ದಿನದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ಹೊಲಿಗೆ ಬಿಟ್ಟು ಗಾಯ ಬಾಯ್ದೆರೆದರೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ಮಗುವಿನ ಮನಸ್ಸು

ಇದುವರೆಗೆ ಚರ್ಮದ ವಿಷಯವಾಯಿತು. ಮೂರು ವರ್ಷದ ಮಗುವಿಗೆ ಪಟ್ಟಿಯೆಂಬುದು ಬಿಡಿಸಿ ನೋಡಬೇಕಾದ ಒಂದು ಒಗಟು. ‘ಮುಟ್ಟಬೇಡ’ ಎಂದು ಹತ್ತು ಸಲ ಹೇಳುವುದಕ್ಕಿಂತ ತುಂಬುತೋಳಿನ ಅಂಗಿಯನ್ನೋ ಉದ್ದನೆಯ ಚಡ್ಡಿಯನ್ನೋ ತೊಡಿಸುವುದು, ಉಗುರನ್ನು ಕತ್ತರಿಸುವುದು ಹೆಚ್ಚು ಫಲಕಾರಿ. ಮಗುವಿನ ಗೊಂಬೆಗೂ ಒಂದು ಪಟ್ಟಿಯನ್ನು ಕಟ್ಟಿಕೊಟ್ಟರೆ ಅದರ ಕೈಗೂ ಕುತೂಹಲಕ್ಕೂ ಕೆಲಸ ಸಿಕ್ಕುತ್ತದೆ.

ಇನ್ನೊಂದು ಮಾತು. ‘ಏನೂ ನೋಯುವುದಿಲ್ಲ’ ಎಂದು ಹೇಳಿ ಮಗುವನ್ನು ಕರೆದೊಯ್ಯುವುದು ನಮ್ಮಲ್ಲಿ ಸಾಮಾನ್ಯ. ಸೂಜಿ ಚುಚ್ಚಿದ ಕ್ಷಣದಲ್ಲಿ ಆ ಮಾತು ಸುಳ್ಳೆಂದು ಮಗುವಿಗೆ ತಿಳಿಯುತ್ತದೆ, ಮುಂದೆ ಹೊಲಿಗೆ ಬಿಚ್ಚುವ ದಿನ ತಾಯಿಯ ನಿಜವಾದ ಮಾತನ್ನೂ ಅದು ನಂಬುವುದಿಲ್ಲ. ‘ಸ್ವಲ್ಪ ಚುರುಕ್ ಅನ್ನುತ್ತೆ ಕಂದ, ನಾನು ಇಲ್ಲೇ ಇರ್ತೀನಿ, ಬೇಗ ಮುಗಿಯುತ್ತೆ’ ಎಂಬಷ್ಟು ಸತ್ಯವನ್ನು ಎರಡು ವರ್ಷ ದಾಟಿದ ಮಗು ತಾಳಿಕೊಳ್ಳಬಲ್ಲುದು. ‘ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸ್ತೀನಿ’ ಎಂಬ ಬೆದರಿಕೆಯನ್ನಂತೂ ಪೂರ್ಣವಾಗಿ ಬಿಡಬೇಕು. ಗುಣಪಡಿಸುವ ಕೈಯನ್ನು ಶಿಕ್ಷೆಯ ಕೈಯಾಗಿ ಚಿತ್ರಿಸಿದರೆ, ಮಚ್ಚೆಯ ಹೆಸರು ಗೊತ್ತಾಗಿ ನಿಜವಾದ ಚಿಕಿತ್ಸೆ ತೊಡಗುವ ಹೊತ್ತಿಗೆ ಮಗುವು ಆಸ್ಪತ್ರೆಯ ಬಾಗಿಲಲ್ಲೇ ಅಳತೊಡಗುತ್ತದೆ.

ಕೊನೆಯದಾಗಿ, ಆಸ್ಪತ್ರೆಯಲ್ಲಿ ಸೂಚನೆಗಳನ್ನು ಕೇಳಿಸಿಕೊಳ್ಳುವವರು ತಂದೆತಾಯಿಗಳು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅನೇಕ ಮನೆಗಳಲ್ಲಿ ಅಜ್ಜಿ. ಕೈಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿದ್ದರೆ ಅದು ಅವರ ಪಾಲಿಗೆ ಬರಿಯ ಕಾಗದ. ಆಗ ಅವರು ತಮಗೆ ತಿಳಿದಂತೆ ಅರಿಸಿನದ ಡಬ್ಬಿಗೆ ಕೈಹಾಕಿದರೆ ತಪ್ಪು ಅವರದಲ್ಲ. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಮನೆ, ಕೇರಿಗಳಲ್ಲಿ ಇಂಥ ಒಂದು ಕಾಗದವನ್ನು ಓದಿ, ಅದರ ಕಾರಣಸಹಿತವಾದ ಅರ್ಥವನ್ನು ತಿಳಿಗನ್ನಡದಲ್ಲಿ ಹೇಳಿದರೆ ಅದು ಸಣ್ಣ ಸೇವೆಯಲ್ಲ. ಕಾರಣ ತಿಳಿದ ಅಜ್ಜಿಯು ಮೊಮ್ಮಗುವಿನ ಪಟ್ಟಿಯನ್ನು ಬಿಚ್ಚಿ, ಜೆಲ್ಲಿ ಸವರಿ, ಹಿಂಬದಿಯ ಕೈಯಿಂದ ಮುಟ್ಟಿ ನೋಡಿ, ‘ಬಿಸಿಯಿಲ್ಲ, ಮಾಯ್ತಾ ಇದೆ’ ಎಂದು ಹೇಳುವಳು. ಈ ಲೇಖನದಿಂದ ನಾವು ಬಯಸುವುದು ಅಷ್ಟನ್ನೇ.