ರಾತ್ರಿಯೇ ನೆನೆಸಿಟ್ಟ ಭಾನುವಾರ

ಬಾಸ್ಟನ್ನಿನ ಹೊರವಲಯದಲ್ಲಿ ಅಕ್ಕನ ಮರದ ಮನೆ. ಶನಿವಾರ ರಾತ್ರಿ ಒಂಬತ್ತಾಗಿದೆ, ಅಡುಗೆಮನೆಯ ದೀಪ ಇನ್ನೂ ಆರಿಲ್ಲ. ಮಾರ್ಚ್ ಮುಗಿಯುತ್ತ ಬಂದರೂ ಅಂಗಳದ ಮೂಲೆಗೆ ಗೋರಿ ಹಾಕಿದ ಹಿಮ ಮಣ್ಣುಬಣ್ಣಕ್ಕೆ ತಿರುಗಿ ಅಲ್ಲೇ ಕೂತಿದೆ. ಒಳಗೆ ಕಟ್ಟೆಯ ಮೇಲೆ ಶುಕ್ರವಾರ ತಂದ ಹಾಲಾ ಬ್ರೆಡ್ಡು. ಯಹೂದಿಗಳ ಸಬ್ಬತ್ತಿನ ಬ್ರೆಡ್ಡು ಅದು. ಹಿಟ್ಟಿಗೆ ಮೊಟ್ಟೆ, ಎಣ್ಣೆ, ತುಸು ಸಿಹಿ ಹಾಕಿ ನಾದಿ, ಉದ್ದುದ್ದ ಹೊಸೆದು, ಜಡೆ ಹೆಣೆದು ಬೇಯಿಸಿರುತ್ತಾರೆ. ಮೇಲ್ಮೈ ಕಂದುಗೆಂಪು ಮಿರುಗು, ಒಳಗೆ ಹಳದಿ ಛಾಯೆಯ ಎಳೆ ಎಳೆ. ಶುಕ್ರವಾರ ಸಂಜೆಯ ಊಟಕ್ಕೆ ತಂದದ್ದರಲ್ಲಿ ಉಳಿದದ್ದು ಭಾನುವಾರ ಫ್ರೆಂಚ್ ಟೋಸ್ಟ್ ಆಗುವುದು ಇಲ್ಲಿನ ಎಷ್ಟೋ ಯಹೂದಿ ಮನೆಗಳ ರೂಢಿ. ಅಕ್ಕ ಅದನ್ನು ಕಲಿತದ್ದು ಪಕ್ಕದ ಮನೆಯ ಅಜ್ಜಿಯಿಂದ.

ನಾಳೆ ಹತ್ತೂವರೆಗೆ ಜನ ಬರುತ್ತಾರೆ. ಇಲ್ಲಿನ ಕನ್ನಡದ ನಾಲ್ಕು ಸಂಸಾರ, ಅವರ ಮಕ್ಕಳು, ಜೊತೆಗೆ ಆ ಅಜ್ಜಿ. ಬೆಳಗಿನ ತಿಂಡಿಯೂ ಅಲ್ಲದ, ಮಧ್ಯಾಹ್ನದ ಊಟವೂ ಅಲ್ಲದ ಬ್ರಂಚ್. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಭಾನುವಾರಕ್ಕೆ ಇಂಥದೊಂದು ಊಟ ಬೇಕೆಂದು ಪತ್ರಿಕೆಯಲ್ಲಿ ವಾದ ಹೂಡಿದ್ದ. ಶನಿವಾರ ರಾತ್ರಿ ತಡವಾಗಿ ಮಲಗಿದವರ ಪರವಾಗಿ ಆತ ಬರೆದಿದ್ದ. ಬೆಳಿಗ್ಗೆ ಬೇಗ ಎದ್ದು ಒಲೆ ಮುಂದೆ ನಿಲ್ಲುವವರ ಪರವಾಗಿ ಮಾತಾಡುವುದು ರಾತ್ರಿಯೇ ನೆನೆಸಿಟ್ಟು ಓವನ್ನಿನಲ್ಲಿ ಬೇಯಿಸುವ ಈ ಫ್ರೆಂಚ್ ಟೋಸ್ಟ್.

ನಮ್ಮ ಕಡೆ ಬಾಂಬೆ ಟೋಸ್ಟ್ ಎನ್ನುತ್ತೇವಲ್ಲ, ಅದನ್ನು ಹತ್ತು ಹನ್ನೆರಡು ಜನಕ್ಕೆ ಮಾಡಿ ನೋಡಿ. ಅದ್ದು, ಕಾವಲಿಗೆ ಹಾಕು, ತಿರುವು, ತಟ್ಟೆಗೆ ಬಡಿಸು. ಮೊದಲು ತಿಂದವರು ಕೈ ತೊಳೆಯುವಾಗಲೂ ಮಾಡುವವರು ಸೌಟು ಹಿಡಿದು ನಿಂತೇ ಇರುತ್ತಾರೆ. ಭಾನುವಾರ ದೋಸೆ ಹುಯ್ಯುವ ಮನೆಗಳಲ್ಲೂ ಇದೇ ಕಥೆ. ಎಲ್ಲರಿಗೂ ಬಿಸಿಬಿಸಿ, ಹುಯ್ದವಳಿಗೆ ಕೊನೆಯ ಹಿಟ್ಟಿನ ಸಣ್ಣ ದೋಸೆ. ನಮ್ಮಮ್ಮ ಜೀವಮಾನವಿಡೀ ಹಾಗೆ ತಿಂದಳು. ಬಂದವರ ಜೊತೆ ಅಡುಗೆ ಮಾಡಿದವರೂ ಕೂತು ಉಣ್ಣುವಂತಾಗುವುದು ದೊಡ್ಡ ಸಂಗತಿ. ಈ ತಿನಿಸು ನನಗೆ ಇಷ್ಟವಾಗಲು ರುಚಿಗಿಂತ ಮೊದಲ ಕಾರಣ ಅದೇ.

ಅಕ್ಕ ಗರಗಸದ ಹಲ್ಲಿನ ಚಾಕುವಿನಿಂದ ಬ್ರೆಡ್ಡನ್ನು ಒಂದಂಗುಲದ ತುಂಡುಗಳಾಗಿ ಕೊಯ್ಯುತ್ತಾಳೆ. ಚೂರುಗಳನ್ನು ಒಂದರ ಮೇಲೊಂದು ಬೀಳದಂತೆ ಟ್ರೇಯಲ್ಲಿ ಹರವಿ, 150 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿಗೆ ಕಾಲು ಗಂಟೆ ತಳ್ಳುತ್ತಾಳೆ. ಕೆಂಪಾಗಿಸಲು ಅಲ್ಲ, ತೇವ ಆರಿಸಲು. ಇಡೀ ಅಡುಗೆ ನಿಂತಿರುವುದು ಈ ಒಣಗುವಿಕೆಯ ಮೇಲೆ. ಹೊಸ ಬ್ರೆಡ್ಡಿಗೆ ಹಾಲು ಹೊಯ್ದರೆ ಕುಸಿದು ಮುದ್ದೆಯಾಗುತ್ತದೆ. ತೇವ ಕಳಕೊಂಡದ್ದು ಹಾಲನ್ನು ಒಳಗೆ ಎಳಕೊಂಡೂ ಆಕಾರ ಬಿಡುವುದಿಲ್ಲ. ಬ್ರೆಡ್ಡು ಹಳತಾಗಲಿ ಎಂದು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ, ಆದರೆ ನೀರು ಒಳಗೇ ಉಳಿಯುತ್ತದೆ. ಬಿರುಸಾಗುವುದು ಬೇರೆ, ಒಣಗುವುದು ಬೇರೆ.

ದೊಡ್ಡ ಬೋಗುಣಿಯಲ್ಲಿ ಎಂಟು ಮೊಟ್ಟೆ, ಅರ್ಧ ಲೀಟರ್ ಗಟ್ಟಿ ಹಾಲು, ಅರ್ಧ ಕಪ್ ಕ್ರೀಮು, ಅಷ್ಟಕ್ಕಿಂತ ಕಡಿಮೆ ಸಕ್ಕರೆ, ವೆನಿಲಾ, ಚಕ್ಕೆಪುಡಿ, ಚಿಟಿಕೆ ಉಪ್ಪು. ಜಾಯಿಕಾಯಿಯನ್ನು ಅಕ್ಕ ಅಲ್ಲೇ ತುರಿಯುತ್ತಾಳೆ. ಬೆಣ್ಣೆ ಸವರಿದ 9×13 ಇಂಚಿನ ತಟ್ಟೆಯಲ್ಲಿ ಬ್ರೆಡ್ಡು ತುಂಬಿ ಮೇಲಿನಿಂದ ಹೊಯ್ಯುವಾಗ ನೋಡಬೇಕು. ಮೊದಲು ಹಾಲು ಚೂರುಗಳ ನಡುವೆ ಕೆರೆಯಾಗಿ ನಿಲ್ಲುತ್ತದೆ. ಗುಳ್ಳೆ ಏಳುತ್ತವೆ. ಎರಡು ನಿಮಿಷದಲ್ಲಿ ಕೆರೆ ಇಳಿದು, ಹಳದಿ ಚೂರುಗಳ ಅಂಚು ಬಣ್ಣ ತಿರುಗುತ್ತದೆ. ನಾನು ಸೌಟಿನಿಂದ ಅದುಮಲು ಹೋದೆ.

“ಗಟ್ಟಿಯಾಗಿ ಒತ್ತಬೇಡ ಕಣೇ, ಅಂಗೈಯಲ್ಲಿ ಒಂಚೂರು ತಗ್ಗಿಸು ಸಾಕು. ಮಿಕ್ಕಿದ್ದು ರಾತ್ರಿ ತಾನೇ ಕುಡಿಯುತ್ತೆ.”

ಬರುವವರಲ್ಲಿ ಇಬ್ಬರು ಮೊಟ್ಟೆ ಮುಟ್ಟುವುದಿಲ್ಲ. ಅವರ ಪಾಲಿಗೆ ಪುಟ್ಟ ತಟ್ಟೆ, ಮೊಟ್ಟೆಯಿಲ್ಲದ ಬೇರೆ ಬ್ರೆಡ್ಡು, ಕಸ್ಟರ್ಡ್ ಪುಡಿ. ಈ ಪುಡಿ ಹುಟ್ಟಿದ್ದೇ ಇಂಥ ಅಗತ್ಯದಿಂದ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಮೊಟ್ಟೆ ಒಗ್ಗದ ಹೆಂಡತಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ್ದು. ಪಿಷ್ಟಕ್ಕೆ ಮೊಟ್ಟೆಗಿಂತ ಹೆಚ್ಚು ಕಾವು ಬೇಕು, ಹಾಗಾಗಿ ಅಕ್ಕ ಅದನ್ನು ಒಲೆಯ ಮೇಲೆ ಕುದಿ ಬರಿಸಿ, ತೆಳ್ಳಗಿರುವಾಗಲೇ ಇಳಿಸಿ, ಆರಿಸಿ ಹೊಯ್ಯುತ್ತಾಳೆ. ಎರಡಕ್ಕೂ ಮುಚ್ಚಳ ಬಿಗಿದು ಫ್ರಿಜ್ಜಿಗೆ ಇಟ್ಟ ಮೇಲೆ ದೀಪ ಆರುತ್ತದೆ.

ಬೆಳಿಗ್ಗೆ ಎಂಟೂವರೆ. ತಟ್ಟೆ ಹೊರಬಂದು ಅರ್ಧ ಗಂಟೆ ಕಟ್ಟೆಯ ಮೇಲೆ ಕೂರುತ್ತದೆ. ಗಾಜಿನ ಪಾತ್ರೆಯಾದರೆ ಇದು ಬಿಡಲೇಬಾರದ ನಿಯಮ, ಕೊರೆಯುವ ಗಾಜು ಸುಡುವ ಓವನ್ನಿಗೆ ಹೋದರೆ ಸಿಡಿದೀತು. ಅಷ್ಟರಲ್ಲಿ ಅಕ್ಕ ತಣ್ಣನೆಯ ಬೆಣ್ಣೆ, ಬ್ರೌನ್ ಶುಗರ್, ಮೈದಾ ಸೇರಿಸಿ ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜಿ, ಒಡೆದ ಪೀಕಾನ್ ಬೀಜ ಬೆರೆಸಿ ಮೇಲೆ ಚೆಲ್ಲುತ್ತಾಳೆ. 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹೆಚ್ಚುಕಡಿಮೆ 175 ಡಿಗ್ರಿ ಸೆಲ್ಸಿಯಸ್. ಮೊದಲರ್ಧ ಫಾಯಿಲ್ ಹೊದಿಸಿ, ಆಮೇಲೆ ಬಿಚ್ಚಿ, ಒಟ್ಟು ಮುಕ್ಕಾಲು ಗಂಟೆಯ ಮೇಲೆ ತುಸು.

ಇನ್ನು ಅವಳಿಗೆ ಕೆಲಸವಿಲ್ಲ. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು ಕೆಳಗಿಳಿಯುವಾಗ ಮೆಟ್ಟಿಲ ತನಕ ಘಮ. ಮೊದಲು ಚಕ್ಕೆಯದು, ಆಮೇಲೆ ಬೆಣ್ಣೆ ಕಂದಾಗುವುದು, ಕೊನೆಗೆ ಸುಟ್ಟ ಸಕ್ಕರೆಯ ಅಂಚು. ಓವನ್ನಿನ ಗಾಜಿನಾಚೆ ಅದು ಉಬ್ಬಿ ತಟ್ಟೆಯ ಕಂಠ ಮೀರಿದೆ. ಹೊರತೆಗೆದು ಸಣ್ಣಗೆ ಅಲುಗಿಸಿದರೆ ನಡು ಮಾತ್ರ ನಡುಗಬೇಕು. 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೊಟ್ಟೆ-ಹಾಲು ಹದವಾಗಿ ಹೆಪ್ಪುಗಟ್ಟುತ್ತದೆ, ಅದನ್ನು ಬಹಳ ದಾಟಿದರೆ ಒಡೆದು ನೀರು ಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಉಬ್ಬು ಇಳಿದು ಚೌಕ ಕೊಯ್ಯಲು ಬರುತ್ತದೆ.

ಹಾಲಲ್ಲಿ ನೆನೆಸಿ ಕರಿದ ಬ್ರೆಡ್ಡಿನ ಮೇಲೆ ಜೇನು ಹೊಯ್ಯುವುದು ಎಪಿಸಿಯಸ್ ಹೆಸರಿನ ರೋಮನ್ ಪಾಕಗ್ರಂಥದಲ್ಲೇ ಇದೆ. ನ್ಯೂ ಇಂಗ್ಲೆಂಡಿನಲ್ಲಿ ಜೇನಿನ ಜಾಗಕ್ಕೆ ಮೇಪಲ್ ಸಿರಪ್. ಅದರ ಕಾಲವೂ ಇದೇ. ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಈ ವಾರಗಳಲ್ಲಿ ಮೇಪಲ್ ಮರದ ರಸ ಹರಿಯುತ್ತದೆ. ನೀರಿನಷ್ಟೇ ತೆಳು ಅದು. ಸುಮಾರು 40 ಲೀಟರ್ ರಸ ಕುದಿಸಿ ಬತ್ತಿಸಿದರೆ ಒಂದು ಲೀಟರ್ ಸಿರಪ್. ಯುರೋಪಿನವರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳು ಈ ವಿದ್ಯೆ ಬಲ್ಲವರಾಗಿದ್ದರು. ಇದನ್ನು ತಿಳಿದ ಮೇಲೆ, ಬಣ್ಣ ಹಾಕಿದ ಮೆಕ್ಕೆಜೋಳದ ಪಾಕವನ್ನು ಅದರ ಬದಲಿಗೆ ಸುರಿಯಲು ನನಗೆ ಮನಸ್ಸೇ ಬರುವುದಿಲ್ಲ.

ಹತ್ತೂವರೆಗೆ ಗಂಟೆ ಬಾರಿಸಿದಾಗ ಬಾಗಿಲು ತೆಗೆದವಳು ಅಕ್ಕನೇ. ಮೇಜಿನ ನಡುವೆ ತಟ್ಟೆ, ಪಕ್ಕದಲ್ಲಿ ಬ್ಲೂಬೆರ್ರಿ, ಹುಳಿ ಮೊಸರು, ಸ್ಟೀಲ್ ಲೋಟಗಳಲ್ಲಿ ಫಿಲ್ಟರ್ ಕಾಫಿ. ಚಮಚ ಇಳಿಸಿದರೆ ಮೇಲ್ಪದರ ಕರುಮ್ ಎನ್ನುತ್ತದೆ, ಕೆಳಗೆ ನಡುಗುವ ಮೃದು. ಮೊಟ್ಟೆಯಿಲ್ಲದ ಪುಟ್ಟ ತಟ್ಟೆಗೂ ಮಕ್ಕಳ ಕೈ ಹೋಗುತ್ತಿದೆ. ಅಕ್ಕ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಂಚಿನ ತುಂಡನ್ನೇ ಆರಿಸಿ ಹಾಕಿಕೊಂಡಿದ್ದಾಳೆ, ಬಿಸಿಯಾಗಿರುವಾಗಲೇ.

ಹೊರಟವರ ಕೈಗೆ ಒಂದೊಂದು ಡಬ್ಬಿ. “ಮೈಕ್ರೋವೇವಿಗೆ ಹಾಕಬೇಡಿ, ಮೆತ್ತಗಾಗಿಬಿಡುತ್ತೆ. ಓವನ್ನಿನಲ್ಲಿ ಹತ್ತು ನಿಮಿಷ ಇಡಿ.”